ಒಣಗುಂಡು

"ಇಂಥ ಕೋವಿ ಎಷ್ಟು ನೆಟ್ಟಗೆ ಹೊಡೆಯುತ್ತೆ?" ಎಂದು ಇನ್ಸ್‌ಪೆಕ್ಟರ್ ಕೇಳಿದ.

ನಡುಮನೆಯಲ್ಲಿ ಇದ್ದಷ್ಟು ಬಾಯಿ, ಅಷ್ಟು ಉತ್ತರ.

"ನೂರು ಹೆಜ್ಜೆಗೆ ಕಾಸು," ಎಂದರು ಅತ್ತೆ, ಕೂತಲ್ಲಿಂದಲೇ ಗೋಡೆಗೆ ಬೆರಳು ತೋರಿಸಿ. ಅಲ್ಲಿ ಗಾಜಿನ ಚೌಕಟ್ಟಿನೊಳಗೆ, ಕೆಂಪು ಬಟ್ಟೆಯ ಮೇಲೆ, ನಡುವೆ ತೂತು ಬಿದ್ದ ಒಂದು ನಾಣ್ಯವಿತ್ತು. "ನನ್ನ ದೊಡ್ಡ ಮಗ ಹೊಡೆದದ್ದು. ಅವನ ಗುರಿ ಇವತ್ತಿನವರೆಗೆ ತಪ್ಪಿದ್ದೇ ಇಲ್ಲ."

ಆ ದೊಡ್ಡ ಮಗ ಪಕ್ಕದಲ್ಲೇ ಕೂತಿದ್ದ. ಹೊಗಳಿಕೆ ಕೇಳಿ, ಮೈಮೇಲೆ ಬಿಸಿನೀರು ಬಿದ್ದಂತೆ ಕುರ್ಚಿಯಲ್ಲಿ ಸರಿದ.

ಕೋವಿ ರಿಪೇರಿಯವನು ಕೆಮ್ಮಿದ. "ಅದು ಯಾರು ತುಂಬಿದರು ಅನ್ನೋದರ ಮೇಲೆ ಹೋಗುತ್ತೆ, ಸಾರ್. ಇದು ಈಗಿನ ಬಂದೂಕಲ್ಲ. ಬಾಯಿಂದ ಮದ್ದು ಹಾಕಿ, ಬಾಯಿಂದಲೇ ಗುಂಡು ಹಾಕಬೇಕು. ಒಂದೊಂದು ಸಲವೂ ಹೊಸದಾಗಿ ಅಡುಗೆ ಮಾಡಿದ ಹಾಗೆ."

ಹಳೇ ಕೋವಿಗಳ ಸಂಘದ ಕಾರ್ಯದರ್ಶಿ ಶಾಲೆಯಲ್ಲಿ ಚಿತ್ರ ಬರೆಸುತ್ತಿದ್ದ ಮೇಷ್ಟ್ರು, ಈಗ ನಿವೃತ್ತ. ಅವರು ಗಾಳಿಯಲ್ಲೇ ಅಳತೆ ಬರೆದು ತೋರಿಸಿದರು. "ಬಾಯಿಮಾತಲ್ಲಿ ಹೊಡೆದರೆ ಇನ್ನೂರು ಹೆಜ್ಜೆ. ಕೈಯಲ್ಲಿ ಹೊಡೆದರೆ ಐವತ್ತು. ಐವತ್ತು ಹೆಜ್ಜೆಗೆ, ಚೆನ್ನಾಗಿ ತುಂಬಿದ ಕೋವಿ ಗುಂಡುಗಳನ್ನೆಲ್ಲ ಇಷ್ಟರೊಳಗೆ ಕೂರಿಸುತ್ತೆ," ಎಂದು ಅಂಗೈ ಬಿಚ್ಚಿದರು. "ಕೆಟ್ಟದಾಗಿ ತುಂಬಿದರೆ ಊಟದ ತಟ್ಟೆಯಗಲ. ತೀರಾ ಕೆಟ್ಟರೆ ಇನ್ನೊಂದು ಗೇಣು."

"ಒಂದೂವರೆ ಮೊಳ ಆಚೆ?"

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಗುರಿಯ ಕಾಗದದಿಂದ ಒಂದೂವರೆ ಮೊಳ ಬಲಕ್ಕೆ ಇದ್ದದ್ದು ಈ ಮನೆಯ ಚಿಕ್ಕ ಮಗನ ತಲೆ.

ಆ ಚಿಕ್ಕ ಮಗನ ಹೆಂಡತಿ ಕಿಟಕಿಯ ಬಳಿ ನಿಂತಿದ್ದಳು. ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು. ಅದನ್ನು ಯಾರಿಗೆ ಕೊಡಲು ತಂದಿದ್ದಳೋ ಮರೆತಿದ್ದಳು. ಗಂಡ ಹೋದ ಮೇಲೆ ಅವಳಿಗೆ ಹೀಗೇ ಆಗುತ್ತಿತ್ತು. ಅಳು ಬರುತ್ತಿರಲಿಲ್ಲ. ಕೋಣೆಯಿಂದ ಕೋಣೆಗೆ ಹೋಗುವಷ್ಟರಲ್ಲಿ ಯಾಕೆ ಹೊರಟೆ ಎನ್ನುವುದು ಉದುರಿ ಹೋಗಿರುತ್ತಿತ್ತು.

"ಸೋಮವಾರ ನಾನು ವರದಿ ಕೊಡಬೇಕು," ಎಂದು ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದ. "ಕೈತಪ್ಪಿ ಆಗಿದ್ದು ಅಂತ ಬರೆದರೆ ಒಂದು ದಾರಿ. ಬೇಕಂತಲೇ ಅಂತ ಬರೆದರೆ ಇನ್ನೊಂದು ದಾರಿ. ನಿಮ್ಮ ಮನಸ್ಸಲ್ಲಿ ಏನಿದೆ ಹೇಳಿ, ಅಮ್ಮಾ. ನಿಮ್ಮ ಮಾತಿಗೆ ತೂಕ ಇದೆ."

"ಗೊತ್ತಿಲ್ಲ," ಎಂದಳು.

ಅದು ಜಾರಿಕೆಯ ಮಾತಾಗಿರಲಿಲ್ಲ. ಭಾವ ಎದುರಿಗೆ ಕೂತಿದ್ದ. ಅವನು ತನ್ನ ಗಂಡನನ್ನು ಕೊಂದನೋ, ಅವನ ಕೈಯಲ್ಲಿ ತನ್ನ ಗಂಡ ಸತ್ತನೋ, ಇವೆರಡರ ನಡುವಿನ ಗೆರೆ ಅವಳಿಗೆ ಕಾಣುತ್ತಿರಲಿಲ್ಲ. ಮುಂದೆ ಇದೇ ಮನೆಯಲ್ಲಿ ಇದೇ ಮೇಜಿನ ಸುತ್ತ ಕೂತು ಉಣ್ಣುವುದೋ, ಇವನು ಜೈಲಿಗೆ ಹೋಗುವುದನ್ನು ನೋಡುವುದೋ, ಎಲ್ಲವೂ ಆ ಗೆರೆಯ ಮೇಲೆ ನಿಂತಿತ್ತು.

ಅಣ್ಣ ಗಾಡಿ ಓಡಿಸಲು ಕಲಿಸುವವನು, ತಮ್ಮ ಔಷಧಿ ಅಂಗಡಿಯಲ್ಲಿ ಪುಡಿ ತೂಗಿ ಪೊಟ್ಟಣ ಕಟ್ಟುವವನು. ಸಂಘದಲ್ಲಿ ಅಣ್ಣನ ಹೆಸರು ಕಾಸುಗಣ್ಣ, ತಮ್ಮನ ಹೆಸರು ತಕ್ಕಡಿ. ಹೊಡೆಯುತ್ತಿದ್ದವನು ಅಣ್ಣ. ತುಂಬಿಕೊಡುತ್ತಿದ್ದವನು ತಮ್ಮ. ವರ್ಷವರ್ಷವೂ ಬಹುಮಾನ ಮನೆಗೆ ಬರುತ್ತಿತ್ತು, ಅಣ್ಣನ ಹೆಸರಲ್ಲಿ.

ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಅಡುಗೆಮನೆಯ ಮೇಜಿನ ಮೇಲೆ ಖಾಲಿ ಕೋವಿ ಇಟ್ಟು ತೋರಿಸಿದ್ದ. "ನೋಡು, ಮೊದಲು ಮದ್ದು. ಅಳತೆ ಒಂದು ಕಾಳೂ ಹೆಚ್ಚುಕಡಿಮೆ ಆಗಬಾರದು. ಆಮೇಲೆ ಎಣ್ಣೆ ಸವರಿದ ಬಟ್ಟೆಯ ಬಿಲ್ಲೆ, ಅದರ ಮೇಲೆ ಸೀಸದ ಗುಂಡು. ಈ ಉದ್ದ ಕಡ್ಡಿಯಿಂದ ತಳದವರೆಗೆ ತಳ್ಳು. ಇದಕ್ಕೆ ಗಜ ಅಂತಾರೆ. ಪ್ರತಿ ಸಲವೂ ಅಷ್ಟೇ ಒತ್ತಬೇಕು, ಮಗುವಿನ ಎದೆ ಮೇಲೆ ಕೈ ಇಟ್ಟ ಹಾಗೆ. ಕೊನೆಗೆ ಹಿಂದುಗಡೆ ಈ ಸಣ್ಣ ಕೇಪು. ಈ ಕಬ್ಬಿಣದ ಕುದುರೆ ಬಂದು ಕೇಪಿನ ಮೇಲೆ ಬಡಿದರೆ ಕಿಡಿ ಒಳಗೆ ಹೋಗುತ್ತೆ. ಅಷ್ಟೇ."

"ಮದ್ದು ಹಾಕೋದು ಮರೆತರೆ?"

ಅವನು ಜೋರಾಗಿ ನಕ್ಕಿದ್ದ. "ಅದಕ್ಕೆ ಒಣಗುಂಡು ಅಂತಾರೆ. ಗುಂಡು ಒಳಗೆ ಕೂತಿರುತ್ತೆ, ತಳ್ಳೋಕೆ ಮದ್ದಿಲ್ಲ. ಢಂ ಅನ್ನೋ ಬದಲು ಕೇಪು ಮಾತ್ರ ಟಪ್ ಅನ್ನುತ್ತೆ. ಇಡೀ ಮೈದಾನ ನಗುತ್ತೆ. ಮರೆತವನ ಕೊರಳಿಗೆ ಗುಂಡು ಕಟ್ಟಿದ ದಾರ ಹಾಕಿ, ಸಂಜೆಯವರೆಗೆ ಎಲ್ಲರ ಚಹಾ ಅವನ ಕೈಯಲ್ಲೇ ಮಾಡಿಸ್ತಾರೆ. ಸಂಘದಲ್ಲಿ ಆ ದಾರ ಹಾಕಿಕೊಳ್ಳದ ಕತ್ತು ಒಂದೇ. ನಮ್ಮಣ್ಣಂದು."

"ಅವರು ಮರೆಯಲ್ವಾ?"

"ತುಂಬಿದರೆ ತಾನೇ ಮರೆಯೋಕೆ!"

ಗೋಡೆಯ ನಾಣ್ಯದ ಗುಟ್ಟನ್ನೂ ಅವನೇ ಹೇಳಿದ್ದ. ಅದನ್ನು ಕಂಬದ ಮೇಲೆ ಮೊಳೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿದ್ದು ಹತ್ತು ಹನ್ನೆರಡು ಹೆಜ್ಜೆಯಲ್ಲಿ. ಮೊದಲ ಎರಡು ಗುಂಡು ಕಂಬಕ್ಕೆ ಬಿದ್ದಿದ್ದವು. ಮನೆಗೆ ಬರುವ ದಾರಿಯಲ್ಲಿ ಹೆಜ್ಜೆಗಳು ಬೆಳೆದವು. "ಅಮ್ಮನಿಗೆ ಹೇಳಬೇಡ. ಅವಳು ಅದರ ಮೇಲೆಯೇ ಬದುಕಿದ್ದಾಳೆ," ಎಂದಿದ್ದ.

ಅವನು ಯಾರನ್ನಾದರೂ ಅಣಕಿಸಬೇಕಾದರೆ ಪೂರ್ತಿ ಎದುರಿಗೆ ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ತಲೆಯನ್ನಷ್ಟೇ ಒಳಗೆ ಹಾಕಿ, ಒಂದು ಮಾತು ಎಸೆದು, ಹಲ್ಲು ಕಿರಿಯುತ್ತಿದ್ದ. ಅವಳು ಹಾಲು ಉಕ್ಕಿಸಿದರೆ ಆ ತಲೆ ಬರುತ್ತಿತ್ತು. ಅತ್ತೆ ಕನ್ನಡಕ ಹಣೆಗೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದರೆ ಆ ತಲೆ ಬರುತ್ತಿತ್ತು.

ಸಾಯುವ ಹಿಂದಿನ ದಿನ ಊಟದ ಮೇಜಿನಲ್ಲಿ ಅವನು, "ಈ ಸಲ ಪಂದ್ಯಕ್ಕೆ ನನ್ನ ಹೆಸರೂ ಕೊಟ್ಟಿದ್ದೀನಿ," ಎಂದ.

ಅಣ್ಣ ಕೈ ನಿಲ್ಲಿಸಿದ. "ಮತ್ತೆ ನನಗೆ ತುಂಬಿಕೊಡೋರು ಯಾರು?"

"ನೀನೇ ತುಂಬಿಕೋ."

"ತುಂಬಿಕೋತೀನಿ ಬಿಡು. ಮದ್ದು ತುಂಬೋದೇನು ಮಹಾವಿದ್ಯೆ? ಹೊಡೆಯೋದು ವಿದ್ಯೆ."

"ಆಯ್ತಲ್ಲ. ನಾಳೆ ಬೆಳಿಗ್ಗೆಯೇ ನೋಡೋಣ," ಎಂದು ತಮ್ಮ ನಕ್ಕ. ಅತ್ತೆ, "ಅಣ್ಣನ ಸಮ ಆಗೋಕೆ ಹೊರಟೆಯೇನೋ?" ಎಂದರು.

ಮಾರನೇ ದಿನ ಇಬ್ಬರೂ ಊರಾಚೆಯ ಹಳೇ ಕಲ್ಲುಕ್ವಾರಿಗೆ ಹೋದರು. ಸಂಘದವರು ಹೊಡೆಯುವುದು ಅಲ್ಲೇ. ಗುರಿಯ ಕಾಗದದ ಪಕ್ಕದಲ್ಲಿ ಒಂದು ದೊಡ್ಡ ಬಂಡೆಯಿದೆ. ಗುಂಡು ಎಲ್ಲಿ ಬಿತ್ತೆಂದು ಗುರುತು ಹಾಕುವವನು ಅದರ ಹಿಂದೆ ಕೂತಿರಬೇಕು. ಕರೆಯುವವರೆಗೆ ತಲೆ ಹೊರಗೆ ಹಾಕಬಾರದು. ಆ ದಿನ ಅಲ್ಲಿ ಕೂತವನು ತಮ್ಮ. ತಲೆ ಯಾಕೆ ಹೊರಗೆ ಹಾಕಿದ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಮೊದಲ ದಿನ ಭಾವ ಪೊಲೀಸರಿಗೆ ಹೇಳಿದ್ದು, "ಒಂದೇ ಗುಂಡು ಹೊಡೆದೆ." ಎರಡನೇ ದಿನ ಹೇಳಿದ್ದು, "ಅಲ್ಲ, ಎರಡನೇ ಸಲ ಹೊಡೆದಾಗ ಆದದ್ದು." ಮತ್ತೊಂದು ದಿನ, "ಒಂದೋ ಎರಡೋ, ನೆನಪಿಲ್ಲ." ಕ್ವಾರಿಯ ಆಚೆ ಚಹಾ ಅಂಗಡಿಯವನು ಎರಡು ಢಂ ಕೇಳಿದ್ದ. ಆದರೆ ಆ ಕ್ವಾರಿಯಲ್ಲಿ ಒಂದು ಹೊಡೆದರೂ ಎದುರು ಗೋಡೆ ಇನ್ನೊಂದನ್ನು ತಿರುಗಿ ಎಸೆಯುತ್ತದೆ. ಅಲ್ಲಿ ಕೆಮ್ಮಿದರೂ ಇಬ್ಬರು ಕೆಮ್ಮಿದಂತೆ.

ಇನ್ಸ್‌ಪೆಕ್ಟರ್ ಹೊರಟ ಮೇಲೆ ವಾರಗಿತ್ತಿ ಅಡುಗೆಮನೆಗೆ ಬಂದು, ಅವಳ ಕೈಯಿಂದ ಆರಿದ ಚಹಾ ತೆಗೆದುಕೊಂಡು ಚೆಲ್ಲಿದಳು.

"ನಮ್ಮನೆಯವರು ಏನೋ ಸುಳ್ಳು ಹೇಳ್ತಿದ್ದಾರೆ ಕಣೇ," ಎಂದಳು, ನಲ್ಲಿ ಬಿಟ್ಟು, ಸದ್ದಿನ ಮರೆಯಲ್ಲಿ. "ಸುಳ್ಳು ಹೇಳುವಾಗ ಕಿವಿ ಕೆರೀತಾರೆ. ಇವತ್ತು ಕೆರೆದು ಕೆರೆದು ಕೆಂಪು ಮಾಡಿಕೊಂಡಿದ್ದಾರೆ. ಏನು ಸುಳ್ಳು ಅಂತ ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ."

"ನನಗೆ ಯಾಕೆ ಹೇಳ್ತಿದ್ದೀಯ ಅಕ್ಕಾ?"

"ಇನ್ಯಾರಿಗೆ ಹೇಳಲಿ?"

ನೀರು ಹರಿಯುತ್ತಲೇ ಇತ್ತು. ಯಾರು ನಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಮಾತಿನಿಂದ ಬಗೆಹರಿಯದ್ದನ್ನು ಕೋವಿಯಿಂದಲೇ ಬಗೆಹರಿಸೋಣ ಎಂದು ಇನ್ಸ್‌ಪೆಕ್ಟರ್ ಎಲ್ಲರನ್ನೂ ಕ್ವಾರಿಗೆ ಕರೆದ. ಅವನು ಮೊದಲೇ ಒಂದು ಲೆಕ್ಕ ಹಾಕಿದ್ದ. "ಕಾಸುಗಣ್ಣನ ಕೈಗೆ ಕೋವಿ ಕೊಟ್ಟರೆ ಪ್ರಯೋಜನ ಇಲ್ಲ. ತಪ್ಪಬೇಕು ಅಂತ ಇರೋನಿಗೆ ತಪ್ಪೋದು ನೀರು ಕುಡಿದಷ್ಟು ಸುಲಭ. ಹೊಡೆಯೋದು ರಿಪೇರಿಯವನು, ಮರಳಿನ ಮೂಟೆ ಮೇಲೆ ಕೋವಿ ಒರಗಿಸಿ. ಮೊದಲು ಅವನೇ ತುಂಬಿ ಹೊಡೀಲಿ. ಆಮೇಲೆ," ಎಂದು ಭಾವನ ಕಡೆ ತಿರುಗಿದ, "ನೀವು ತುಂಬಿಕೊಡಿ, ಅವನು ಹೊಡೀಲಿ. ನೀವು ತುಂಬಿದ ಗುಂಡು ಎಷ್ಟು ದಾರಿ ತಪ್ಪುತ್ತೆ ನೋಡೋಣ."

ಭಾವ ತಲೆಯಾಡಿಸಿದ. ಕಿವಿ ಮುಟ್ಟಿಕೊಂಡ.

ಬಂಡೆಯ ಹಿಂದೆ ಗುರುತು ಹಾಕಲು ಮೇಷ್ಟ್ರು ಹೊರಟರು. "ನಾನೂ ಅಲ್ಲಿಗೇ ಬರ್ತೀನಿ," ಎಂದಳು ಅವಳು.

"ಬೇಡಮ್ಮ," ಎಂದ ಇನ್ಸ್‌ಪೆಕ್ಟರ್.

"ಅವರು ಕೂತಿದ್ದ ಜಾಗ ನೋಡಬೇಕು."

ಇನ್ಸ್‌ಪೆಕ್ಟರ್ ಮೇಷ್ಟ್ರ ಮುಖ ನೋಡಿದ. "ಆ ಬಂಡೆ ಹಿಂದೆ ಆನೆ ಕೂತರೂ ಏನೂ ಆಗಲ್ಲ, ಸಾರ್," ಎಂದರು ಮೇಷ್ಟ್ರು. "ತಲೆ ಹೊರಗೆ ಹಾಕದಿದ್ದರೆ ಸರಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಬಂಡೆಯ ಹಿಂದೆ ಒಂದು ತಗ್ಗು ಕಲ್ಲು, ಕೂರಲು. ಸವೆದು ನುಣುಪಾಗಿತ್ತು. ಅದರ ಬುಡದಲ್ಲಿ ಬೀಡಿಯ ತುಂಡು, ಕಾಗದ ಅಂಟಿಸುವ ಅಂಟಿನ ಖಾಲಿ ಡಬ್ಬಿ, ಕಿತ್ತಳೆ ಸಿಪ್ಪೆ. ಸಿಪ್ಪೆ ಒಣಗಿ ಮುದುರಿತ್ತು. ಅವನಿಗೆ ಕಿತ್ತಳೆ ಇಷ್ಟ. ಆದರೆ ಕಿತ್ತಳೆ ಎಲ್ಲರಿಗೂ ಇಷ್ಟ. ಅದನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಮೊದಲ ಗುಂಡು ಹಾರಿತು.

ಢಂ. ಎದುರು ಗೋಡೆಯಿಂದ ಮತ್ತೊಂದು ಢಂ. ಕಾಗದ ಪಟ್ಟೆಂದಿತು.

ರಿಪೇರಿಯವನು ಮೂರು ಹೊಡೆದ. ಒಂದೊಂದರ ನಡುವೆಯೂ ನಳಿಗೆ ಒರೆಸಿ, ಅಳೆದು, ತುಂಬಿ, ಒತ್ತಿ. ಹೊಲಿಗೆಯವನು ಸೂಜಿಗೆ ದಾರ ಹಾಕುವಷ್ಟು ನಿಧಾನ. ಕರೆ ಬಂದ ಮೇಲೆ ಮೇಷ್ಟ್ರು ಹೊರಗೆ ಹೋಗಿ ಕಾಗದದ ಮೇಲೆ ಕೈಯಿಟ್ಟರು. ಮೂರು ತೂತುಗಳೂ ಅಂಗೈ ಕೆಳಗೆ ಮುಚ್ಚಿಹೋದವು.

"ಅಂಗೈ," ಎಂದು ಕೂಗಿ ತಿರುಗಿ ಬಂದರು. "ನಿನ್ನ ಗಂಡ ತುಂಬಿದ್ದರೆ ಇನ್ನೂ ಎರಡು ಬೆರಳು ಕಮ್ಮಿ ಆಗ್ತಿತ್ತಮ್ಮ. ಆ ಕೈ..." ಎಂದು ನಿಲ್ಲಿಸಿದರು.

"ಈಗ ಭಾವ ತುಂಬ್ತಾರಾ?"

"ಹೂಂ. ಈಗ ಅವನು."

ಬಹಳ ಹೊತ್ತಾಯಿತು. ಅಲ್ಲಿ ಇನ್ಸ್‌ಪೆಕ್ಟರ್ ಏನೋ ಕೇಳುತ್ತಿದ್ದ. ಮಾತು ಕೇಳಿಸುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಒಂದೊಂದು ಮಾತೂ ಎದುರು ಗೋಡೆಗೆ ಬಡಿದು ಎರಡೆರಡಾಗಿ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ ಕಾದಳು. ಈ ಗುಂಡು ತಟ್ಟೆಯಗಲ ತಪ್ಪಿದರೆ ಏನು ಗೊತ್ತಾಗುತ್ತದೆ? ಒಂದೂವರೆ ಮೊಳ ತಪ್ಪಿದರೆ ಏನು? ತಪ್ಪದಿದ್ದರೆ? ಗುಂಡು ಎಲ್ಲಿ ಹೋಯಿತೆಂದು ಅಳೆಯಬಹುದು. ಅದನ್ನು ಬಿಟ್ಟವನ ಮನಸ್ಸು ಎಲ್ಲಿತ್ತೆಂದು ಯಾವ ಕಾಗದ ಹೇಳುತ್ತದೆ? ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡಳು. ಆಮೇಲೆ ಕೇಳಬೇಕೆನಿಸಿ ಬಿಟ್ಟಳು.

ಟಪ್.

ಅಷ್ಟೇ. ಒಣಕಡ್ಡಿ ಮುರಿದಂತೆ. ಎದುರು ಗೋಡೆ ಕೂಡ ಅದನ್ನು ತಿರುಗಿ ಕೊಡಲಿಲ್ಲ.

ಪಕ್ಕದಲ್ಲಿ ಮೇಷ್ಟ್ರು ಕಿಸಕ್ಕನೆ ನಕ್ಕರು. "ಒಣಗುಂಡು!" ಎಂದರು. ಯಾವ ಕೆಲಸಕ್ಕೆ ಬಂದಿದ್ದೇವೆ, ಯಾರ ಪಕ್ಕ ಕೂತಿದ್ದೇವೆ, ಎಲ್ಲ ಮರೆತು, ಮುಖವಿಡೀ ನಗುವಾಗಿ, ಬಂಡೆಯ ಬಲಗಡೆಯಿಂದ ತಲೆ ಹೊರಗೆ ಹಾಕಿದರು. ಅವರ ಭುಜದ ಪಕ್ಕದಲ್ಲೇ ಅವಳ ತಲೆಯೂ ಹೊರಗೆ ಬಂದಿತ್ತು. ಯಾವಾಗ ಎದ್ದಳು, ಯಾವಾಗ ಬಾಗಿದಳು, ಅವಳಿಗೇ ಗೊತ್ತಾಗಲಿಲ್ಲ.

ಐವತ್ತು ಹೆಜ್ಜೆ ಆಚೆ ಭಾವ ಅವಳ ತಲೆಯನ್ನು ನೋಡಿದ.

"ಒಳಗೆ ಹೋಗು!" ಎಂದು ಕಿರುಚಿದ. "ಒಳಗೆ ಹೋಗೋ! ಒಳಗೆ ಹೋಗೋ!"

ರಿಪೇರಿಯವನ ಕೈಯಿಂದ ಕೋವಿ ಕಿತ್ತುಕೊಂಡು, ಬಾಯಿಯನ್ನು ನೆಲಕ್ಕೆ ಒತ್ತಿ ಹಿಡಿದು, ಅದರ ಮೇಲೆ ತಾನೇ ಬಿದ್ದ. ಕೋವಿಯನ್ನಲ್ಲ, ಹಾವನ್ನು ಹಿಡಿದವನ ಹಾಗೆ. "ಒಳಗೆ ಹೋಗೋ" ಎನ್ನುವುದು ಗೋಡೆಯಿಂದ ತಿರುಗಿ ಬರುತ್ತಲೇ ಇತ್ತು.

ಅವಳು ಬಂಡೆಯ ಪಕ್ಕದಲ್ಲಿ ಹಾಗೇ ಬಾಗಿ ನಿಂತಿದ್ದಳು. ತಲೆ ಹೊರಗೆ, ಮೈ ಒಳಗೆ. ಗುರಿಯ ಕಾಗದ ಪಕ್ಕದಲ್ಲೇ ಇತ್ತು. ಎಷ್ಟು ದೂರ ಎಂದು ಅಳೆಯುವ ಅಗತ್ಯ ಇರಲಿಲ್ಲ.

ಹೋಗಿ ನೋಡಿದಾಗ ಭಾವ ಮರಳಿನ ಮೂಟೆಗೆ ಒರಗಿ ಕೂತಿದ್ದ. ಮೊಣಕೈ ತರಚಿತ್ತು. ಇನ್ಸ್‌ಪೆಕ್ಟರ್ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನಾನೇ ಮಾತಿಗೆಳೆದೆ. ಮದ್ದಿನ ಅಳತೆ ಕೈಗೆ ತಗೊಂಡಿದ್ದರು, ನಾನು ಕೇಳಿದ್ದಕ್ಕೆ ಕೆಳಗಿಟ್ಟು ಉತ್ತರ ಕೊಟ್ಟರು. ಆಮೇಲೆ ಸೀದಾ ಗುಂಡು ಹಾಕಿದರು," ಎನ್ನುತ್ತಿದ್ದ.

"ಹೀಗೇ ಹಾಕಿದ," ಎಂದ ಭಾವ, ಅವಳ ಕಡೆ ನೋಡದೆ. "ಹೀಗೇ ತಲೆ ಹಾಕಿದ."

"ಯಾರು?" ಎಂದ ಇನ್ಸ್‌ಪೆಕ್ಟರ್. ಬೇರೆ ಯಾರಿಗೂ ಆ ಪ್ರಶ್ನೆ ಬೇಕಿರಲಿಲ್ಲ.

"ಅವತ್ತು ಅವನು ದೂರದಿಂದ ರೇಗಿಸ್ತಾ ಇದ್ದ. ಅಣ್ಣಾ, ಗಜ ಉಲ್ಟಾ ಹಿಡಿದೀಯ, ಅಣ್ಣಾ, ಬಟ್ಟೆ ಮರೆತೀಯ ಅಂತ. ನಾನು ಅವನಿಗೆ ಉತ್ತರ ಕೊಡ್ತಾ ಕೊಡ್ತಾ ತುಂಬಿದೆ. ಮದ್ದು ಹಾಕಲಿಲ್ಲ. ಟಪ್ ಅಂತು. ತಲೆ ಹೊರಗೆ ಹಾಕಿದ. ಅಣ್ಣಾ, ಒಣಗುಂಡು! ಅಂದ. ನಗ್ತಾ ಇದ್ದ. ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದ." ಭಾವ ತೊಡೆಯ ಮೇಲಿದ್ದ ತನ್ನ ಅಂಗೈಗಳನ್ನೇ ನೋಡಿದ. "ಇಲ್ಲ ಕಣೋ, ಕೇಪು ಸರಿ ಇಲ್ಲ, ಒಳಗೆ ಹೋಗು ಅಂದೆ."

"ಆಮೇಲೆ?"

"ತಿರುಗಿ ನಿಂತೆ, ಅವನಿಗೆ ಕಾಣದ ಹಾಗೆ. ಕೇಪು ಕೂರೋ ಮೊಳೆ ಬಿಚ್ಚಿ, ಆ ತೂತಿನಿಂದಲೇ ಮದ್ದು ತುಂಬಿದೆ. ಹಿಡಿಸಿದಷ್ಟೂ ತುಂಬಿದೆ."

ರಿಪೇರಿಯವನು ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳಿದ. ಒಳಗೆ ಸಿಕ್ಕಿಕೊಂಡ ಒಣಗುಂಡನ್ನು ಹೊರಗೆ ಹಾಕಲು ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಚಿಟಿಕೆ ಹಾಕುತ್ತಾರೆ, ಗುಂಡು ನಾಲ್ಕು ಹೆಜ್ಜೆ ಆಚೆ ಬಿದ್ದರೆ ಸಾಕು. ಹಿಡಿಸಿದಷ್ಟು ಹಾಕುವವನು ಹುಚ್ಚ.

"ಸದ್ದು ಜೋರಾಗಿ ಬರಬೇಕಿತ್ತು," ಎಂದ ಭಾವ. "ಸರಿಯಾಗಿಯೇ ತುಂಬಿದ್ದೆ ಅಂತ ಅವನಿಗೆ ಕೇಳಿಸಬೇಕಿತ್ತು. ಹೊಸ ಕೇಪು ಇಟ್ಟು, ಕೋವಿ ಸೊಂಟದ ಹತ್ತಿರ ಹಿಡಿದು ಕುದುರೆ ಎಳೆದುಬಿಟ್ಟೆ. ಗುರಿ ಇಟ್ಟಿರಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿರ್ತಾನೆ ಅಂದುಕೊಂಡೆ."

ಅವನು ಒಳಗೆ ಹೋಗಿರಲಿಲ್ಲ. ಇನ್ನೂ ನಗುತ್ತಿದ್ದ.

ಇನ್ಸ್‌ಪೆಕ್ಟರ್ ಎದ್ದು ನಿಂತು ಪ್ಯಾಂಟಿನ ಮಣ್ಣು ಕೊಡವಿದ. ಕೊಡವಿದ್ದನ್ನೇ ಮತ್ತೆ ಕೊಡವಿದ. "ಅಲ್ಲಾ ಸ್ವಾಮಿ, ಮದ್ದು ಹಾಕೋದು ಮರೆತೆ ಅನ್ನೋದಕ್ಕೆ ನಾಚಿಕೊಂಡು, ಇಷ್ಟು ದಿನ ತಮ್ಮನನ್ನ ಕೊಂದ ಅಂತ ಅನ್ನಿಸಿಕೊಂಡು ಕೂತಿದ್ರಾ?"

"ನೀವು ಪ್ರತಿ ಸಲವೂ ಮನೆಗೇ ಬಂದು ಕೇಳಿದ್ರಿ, ಸಾರ್. ಅಮ್ಮ ಎದುರಿಗೆ ಕೂತಿರ್ತಿದ್ದಳು."

ಮೇಷ್ಟ್ರು ಮುಖ ತಿರುಗಿಸಿದರು. ಅವರ ಅಂಗಿಯ ಜೇಬಿನಿಂದ ಕೆಂಪು ದಾರದ ತುದಿ ಹೊರಗೆ ಇಣುಕಿತ್ತು. ಕೋವಿ ಹೊಡೆಯುವ ಕಡೆಗೆ ಹೋಗುವಾಗೆಲ್ಲ ಆ ಗುಂಡಿನ ದಾರವನ್ನು ಜೇಬಿಗೆ ಹಾಕಿಕೊಳ್ಳುವುದು ಅವರ ರೂಢಿ. ಈಗ ಅದನ್ನು ಬೆರಳಿನಿಂದ ಒಳಗೆ ತಳ್ಳಿದರು.

"ಅಮ್ಮಾ," ಎಂದ ಇನ್ಸ್‌ಪೆಕ್ಟರ್ ಅವಳಿಗೆ. "ನೀವು ನಂಬ್ತೀರಾ?"

ನಂಬಿದ್ದಳು. ಅದೇ ಕಷ್ಟವಾಗಿತ್ತು. ಭಾವ ಹೇಳುವುದಕ್ಕೆ ಮುಂಚೆಯೇ, ಬಂಡೆಯಿಂದ ತನ್ನ ಕತ್ತು ತಾನಾಗಿ ಹೊರಗೆ ಬಂದಾಗಲೇ ನಂಬಿದ್ದಳು. ಕೊಲೆ ಎಂದಾಗಿದ್ದರೆ ದ್ವೇಷಿಸಲು ಒಂದು ಮುಖ ಇರುತ್ತಿತ್ತು. ಬರೀ ಕೈತಪ್ಪು ಎಂದಾಗಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಇದು ಎರಡೂ ಅಲ್ಲ. ಒಬ್ಬನಿಗೆ ನಗು ತಡೆಯಲಾಗಲಿಲ್ಲ, ಇನ್ನೊಬ್ಬನಿಗೆ ಆ ನಗು ತಡೆಯಲಾಗಲಿಲ್ಲ. ಇದನ್ನು ತೆಗೆದುಕೊಂಡು ಹೋಗಿ ಎಲ್ಲಿಡುವುದು?

ಗುರಿ ಇಟ್ಟಿರಲಿಲ್ಲ ಎಂದ. ಸರಿ. ಆದರೆ ಆ ಕ್ಷಣಕ್ಕೆ ಅವನ ಸಿಟ್ಟು ಯಾವ ಕಡೆ ತಿರುಗಿತ್ತು? ಅದು ಅವನಿಗಾದರೂ ಗೊತ್ತೇ?

"ನಂಬ್ತೀನಿ," ಎಂದಳು. "ಹಾಗೇ ಬರೆದುಕೊಳ್ಳಿ. ನನ್ನದೇನೂ ತಕರಾರಿಲ್ಲ."

"ಮದ್ದು ಮರೆತದ್ದನ್ನೂ ಬರೀಬೇಕಾಗುತ್ತೆ," ಎಂದ ಇನ್ಸ್‌ಪೆಕ್ಟರ್ ಭಾವನಿಗೆ. "ಗುರಿ ಇಡದೆ ಹೊಡೆದದ್ದಕ್ಕೆ ಶಿಕ್ಷೆ ತಪ್ಪಲ್ಲ. ಎಷ್ಟು ಅಂತ ಕೋರ್ಟು ಹೇಳುತ್ತೆ. ಆದರೆ ಕೊಲೆ ಅಲ್ಲ."

"ಬರೀರಿ," ಎಂದ ಭಾವ.

ಮನೆಗೆ ಬಂದಾಗ ಅತ್ತೆ ನಡುಮನೆಯಲ್ಲಿ ಅದೇ ಜಾಗದಲ್ಲಿ ಕೂತಿದ್ದರು. ವಾರಗಿತ್ತಿ ನೆಲ ಒರೆಸುತ್ತಿದ್ದವಳು ಬಟ್ಟೆ ಹಿಡಿದೇ ಎದ್ದಳು. ಭಾವ ಒಳಗೆ ಬರಲಿಲ್ಲ. ಹೊರಗೆ ಚಪ್ಪಲಿ ಬಿಡುತ್ತ ನಿಂತ. ಎರಡು ಚಪ್ಪಲಿ ಬಿಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

"ಹೇಗೆ ಹೊಡೆದ?" ಎಂದು ಅತ್ತೆ ಅವಳನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು. ಆದರೆ ನಾಳೆಗೆ ಊರೆಲ್ಲ ಹೇಳುವುದನ್ನು ಇವರು ಊರಿಂದ ಕೇಳಬೇಕಾಗುತ್ತಿತ್ತು. ಅವಳು ಅತ್ತೆಯ ಪಕ್ಕದಲ್ಲಿ ಕೂತು ಹೇಳಿದಳು. ಟಪ್ ಎಂದದ್ದು, ತಲೆ ಹಾಕಿದ್ದು, ತಿರುಗಿ ನಿಂತು ತುಂಬಿದ್ದು, ಸೊಂಟದಿಂದ ಎಳೆದದ್ದು. ಹೇಳುವಾಗ ತನ್ನ ದನಿ ಬೇರೆ ಯಾರದೋ ಮನೆಯ ಸುದ್ದಿ ಓದುತ್ತಿರುವ ಹಾಗೆ ಅವಳಿಗೆ ಕೇಳಿಸಿತು. ನೆಲ ಒರೆಸುವ ಬಟ್ಟೆಯಿಂದ ವಾರಗಿತ್ತಿಯ ಕಾಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಅತ್ತೆ ಎಲ್ಲವನ್ನೂ ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಸುಳ್ಳು. ನನ್ನ ಮಗ ಮದ್ದು ಮರೆಯೋನೇ? ಯಾರೋ ಅವನ ಬಾಯಲ್ಲಿ ಹೇಳಿಸಿದ್ದಾರೆ." ದನಿ ಏರಿತು. "ಅವನು ಕುದುರೆ ಎಳೆದರೆ ಗುರಿ ಇಟ್ಟೇ ಎಳೀತಾನೆ. ಎಲ್ಲಿಗೆ ಅಂತ ನೋಡಿದ್ದಾನೋ ಅಲ್ಲಿಗೇ..."

ಅಲ್ಲಿಗೆ ಮಾತು ನಿಂತಿತು.

ಅತ್ತೆಯ ಬಾಯಿ ತೆರೆದೇ ಇತ್ತು. ಕಣ್ಣು ಗೋಡೆಯ ಚೌಕಟ್ಟಿಗೆ ಹೋಯಿತು, ಅಲ್ಲಿಂದ ಸೊಸೆಯ ಮುಖಕ್ಕೆ ಬಂತು, ಮತ್ತೆ ಗೋಡೆಗೆ ಹೋಯಿತು. ದಾರಿ ಕೇಳಲು ಬಂದವರು ಯಾವ ಊರೆಂದು ಮರೆತ ಹಾಗೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು.

"ಎಷ್ಟು ಹೆಜ್ಜೆ ಇತ್ತು ಅದು?" ಎಂದು ಕೇಳಿದರು, ಬಹಳ ಸಣ್ಣ ದನಿಯಲ್ಲಿ. ಯಾವುದು ಎಂದು ಹೇಳಲಿಲ್ಲ. ನಾಣ್ಯವೋ, ಮಗನೋ.

ಅವಳಿಗೆ ಎರಡೂ ಗೊತ್ತಿತ್ತು. ಬಾಯಿ ತೆರೆದಳು. ಗಂಡ ಹೇಳಬೇಡ ಎಂದಿದ್ದ. ಹೇಳಲಿಲ್ಲ.

ಆಗ ಬಾಗಿಲ ಸಂದಿಯಿಂದ ಒಂದು ತಲೆ ಒಳಗೆ ಬಂತು. ತಲೆಯಷ್ಟೇ. ಅವಳ ಎದೆ ಒಂದು ಸಲ ಹಾರಿ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಇದ್ದಲ್ಲಿಗೇ ಬಂದು ಬಿತ್ತು. ಭಾವ. ಒಳಗೆ ಬರಬಹುದೋ ಬಾರದೋ ಎಂದು ಕಾಯುತ್ತಿದ್ದ. ಅವನ ತಾಯಿ ಮಾತಾಡಲಿಲ್ಲ. ಅವನ ಹೆಂಡತಿ ಮಾತಾಡಲಿಲ್ಲ. ಮಾತಾಡಬೇಕಾದವಳು ತಾನೇ ಎಂದು ಅವಳಿಗೆ ತಡವಾಗಿ ಹೊಳೆಯಿತು.

"ಒಳಗೆ ಬಂದು ಬಾಗಿಲು ಹಾಕಿ, ಭಾವ," ಎಂದಳು. "ಗಾಳಿ ಬರುತ್ತೆ."

ಗಾಳಿ ಇರಲಿಲ್ಲ. ಅವನು ಬಂದು ಬಾಗಿಲು ಹಾಕಿದ.